ಫೀಸು ತೆಗೆದುಕೊಳ್ಳದ ಡಾಕ್ಟರು

ಪುಣೆ ಹತ್ತಿರದ ನಿಗಡಿಯ ನಮ್ಮ ಹೋಟೆಲಿನ ಗಲ್ಲಾದಲ್ಲಿ ಕೂತು ಕೂತು ನನಗೆ ಎರಡು ಅಭ್ಯಾಸ ಅಂಟಿಕೊಂಡಿದ್ದವು. ಯಾರು ಎದುರಿಗೆ ಬಂದು ನಿಂತರೂ ಮುಖಕ್ಕಿಂತ ಮೊದಲು ಅವರ ಕೈ ನೋಡುವುದು ಒಂದು. ಎಡಗಾಲು ಅಲ್ಲಾಡಿಸದೆ ಕೂರುವುದು ಇನ್ನೊಂದು. ಮೊದಲನೆಯದು ದುಡ್ಡು ಮುಟ್ಟುವವರಿಗೆಲ್ಲ ಇರುವಂಥದ್ದು. ಎರಡನೆಯದಕ್ಕೆ ಕಾರಣ ನಮ್ಮ ನಾಯಿ. ಗಲ್ಲಾದ ಮೇಜಿನ ಕೆಳಗೆ, ನನ್ನ ಎಡ ಪಾದದ ಮೇಲೆ ಅರ್ಧ ಮೈ ಹೇರಿಕೊಂಡು ಅದು ಮಲಗುತ್ತಿತ್ತು. ಹೊತ್ತು ಹೋದಂತೆ ಜೋಮು ಹಿಡಿದು, ಎದ್ದು ನಿಂತರೆ ಕಾಲು ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಬೈದು ಎಳೆದುಕೊಂಡರೆ ಒಂದೇ ಕಣ್ಣು ತೆರೆದು ನೋಡಿ, ಕಾಲು ಹೋದಲ್ಲಿಗೇ ತಾನೂ ಸರಿದು ಬರುತ್ತಿತ್ತು. ಹೆಣ್ಣು ನಾಯಿ, ಬೂದಿ ಬಣ್ಣ, ಜಾತಿಗೀತಿ ಏನೂ ಇಲ್ಲದ್ದು.

ಅದನ್ನು ತಂದವರು ನಮ್ಮ ಯಜಮಾನರು. ಈರುಳ್ಳಿ ಅಗ್ಗಕ್ಕೆ ಸಿಗುತ್ತದೆ ಎಂದು ಪುಣೆ ಆಚೆಗಿನ ಶಿರೂರಿನ ಕಡೆ ಟೆಂಪೊ ತೆಗೆದುಕೊಂಡು ಹೋದವರು, ಮೂಟೆಗಳ ಮೇಲೆ ಒಂದು ಮರಿಯನ್ನೂ ಕೂರಿಸಿಕೊಂಡು ಬಂದರು. ಮೈತುಂಬ ಕಜ್ಜಿ. ಬಾಲದಲ್ಲಿ ಕೂದಲೇ ಇರಲಿಲ್ಲ. "ಎಂಥದು ಇದು?" ಎಂದು ಕೇಳಿದೆ. "ದಾರಿಯಲ್ಲಿ ಹಿಂದೆ ಹಿಂದೆ ಬಂತು ಮಾರಾಯ್ತಿ, ಎಂಥ ಮಾಡುವುದು?" ಎಂದರು. ಉಡುಪಿ ಕಡೆಯಿಂದ ಬಂದು ಇಷ್ಟು ವರ್ಷ ಪುಣೆಯಲ್ಲಿ ಹೋಟೆಲು ನಡೆಸಿದರೂ ಈ ಮನುಷ್ಯ ಹಿಂದೆ ಬಂದ ಯಾರನ್ನೂ ಹಿಂದಕ್ಕೆ ಕಳಿಸಲು ಕಲಿಯಲಿಲ್ಲ. ಸಾಲ ಕೇಳಲು ಬಂದವರಿಗೂ ಮೊದಲು ಕಾಫಿ ಕೊಡುವವರು. ಬೈಯುವ ಕೆಲಸವೆಲ್ಲ ನನ್ನ ಪಾಲಿಗೆ ಬಂದಿತ್ತು, ನಾನೂ ಅದರಲ್ಲಿ ಕೊರತೆ ಮಾಡಿದವಳಲ್ಲ.

ಕಜ್ಜಿ ನಾಯಿಯನ್ನು ಹೋಟೆಲಿನ ಹತ್ತಿರ ಇಟ್ಟುಕೊಂಡರೆ ಗಿರಾಕಿಗಳು ಏನೆಂದಾರು? ಮರುದಿನವೇ ಹೆದ್ದಾರಿಯ ಆ ಬದಿಗೆ ಹೊಸದಾಗಿ ತೆರೆದಿದ್ದ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಗಾಜಿನ ಬಾಗಿಲು, ಒಳಗೆ ಏಸಿ, ಬಿಸ್ಕತ್ತು ಆಟಿಕೆಗಳ ಅಂಗಡಿ. ಕೌಂಟರಿನ ಹುಡುಗಿ ಕಂಪ್ಯೂಟರಿನಿಂದ ತಲೆ ಎತ್ತದೆ, "ಪೆಟ್ ಪೇರೆಂಟ್ ತುಮ್ಹೀಚ್ ಕಾ?" ಎಂದು ಕೇಳಿದಳು. ಈ ಪ್ರಾಣಿಯ ತಾಯಿ ತಂದೆ ನೀವೇನಾ ಎಂದು. ನಾನು ಯಾವಾಗ ನಾಯಿ ಹೆತ್ತೆ ಎಂದು ಯೋಚಿಸುತ್ತಿರುವಾಗಲೇ ಯಜಮಾನರು "ಹೋ, ಆಮ್ಹೀಚ್" ಎಂದುಬಿಟ್ಟರು. ಫೈಲಿಗೆ ಇಷ್ಟು, ನೋಡುವುದಕ್ಕೆ ಇಷ್ಟು, ಚರ್ಮ ಕೆರೆದು ಪರೀಕ್ಷೆ ಮಾಡುವುದಕ್ಕೆ ಇಷ್ಟು, ಶಾಂಪೂ ಬೇರೆ. ಬಿಲ್ಲು ಬರೆಯುವುದೇ ನನ್ನ ಕಸುಬಾದ್ದರಿಂದ ಅವರ ಬಿಲ್ಲು ನೋಡಿ ನನಗೆ ಸಿಟ್ಟಿನ ಜೊತೆ ಸ್ವಲ್ಪ ಮೆಚ್ಚುಗೆಯೂ ಆಯಿತು. ನಾವು ಚಟ್ನಿ ಎರಡನೇ ಸಲ ಹಾಕಿದರೂ ದುಡ್ಡು ಕೇಳುವುದಿಲ್ಲ. ಇವರು ಹತ್ತಿಗೂ ಬೆಲೆ ಹಾಕಿದ್ದರು. ಶಾಂಪೂ ಒಂದನ್ನು ಕೊಂಡು ಮನೆಗೆ ಬಂದೆವು.

ನಮ್ಮ ಡಾಕ್ಟರು ಸಿಕ್ಕಿದ್ದು ಅದಾದ ಮೇಲೆ. ಸಿಕ್ಕಿದ್ದು ಎಂದರೂ ತಪ್ಪೇ, ಅವರು ದಿನಾ ನಮ್ಮಲ್ಲೇ ಇದ್ದರು. ಬೆಳಿಗ್ಗೆ ಬಾಗಿಲು ತೆರೆದು ದೇವರಿಗೆ ದೀಪ ಹಚ್ಚುವ ಹೊತ್ತಿಗೆ ಬಂದು ಕಿಟಕಿ ಪಕ್ಕದ ಮೇಜಿನಲ್ಲಿ ಇಡ್ಲಿ ವಡೆ ತಿಂದು ಕಾಫಿ ಕುಡಿದು ಹೋಗುವವರು. ವಿಜಯಪುರದ ಕಡೆಯವರು, ನಮಗಿಂತ ಸ್ವಲ್ಪ ಚಿಕ್ಕವರು. ಅಡುಗೆಮನೆಯಲ್ಲಿ ಭಟ್ಟರು ಕನ್ನಡದಲ್ಲಿ ಬೈದಾಡುವುದು ಕಿವಿಗೆ ಬಿದ್ದು ಒಂದು ದಿನ ಒಳಗೆ ಬಂದವರು, ಆಮೇಲೆ ಬರುವುದನ್ನು ಬಿಡಲಿಲ್ಲ. ಅವರ ಕನ್ನಡ ಒಂದು ಥರ, ನಮ್ಮದು ಒಂದು ಥರ. ಆದರೂ ಸುತ್ತ ಮರಾಠಿ ಹಿಂದಿಯೇ ಇರುವಾಗ ಇಬ್ಬರಿಗೂ ಅದು ಮನೆಮಾತಿನ ಹಾಗೇ ಕೇಳಿಸುತ್ತಿತ್ತು. ಅವರು ದನದ ಡಾಕ್ಟರು, ಈಗ ನಾಯಿಬೆಕ್ಕುಗಳಿಗೆಂದು ಪಕ್ಕದ ರಸ್ತೆಯಲ್ಲಿ ಒಂದು ಮಳಿಗೆಯಷ್ಟು ಜಾಗದಲ್ಲಿ ಕ್ಲಿನಿಕ್ ಇಟ್ಟಿದ್ದಾರೆ ಎಂಬುದು ನಮಗೆ ಗೊತ್ತೇ ಇರಲಿಲ್ಲ. ತಿನ್ನಲು ಬಂದವರನ್ನು ಕಸುಬು ಕೇಳುವುದಿಲ್ಲ ನಾವು.

ಒಂದು ಬೆಳಿಗ್ಗೆ ಅವರು ಬಿಲ್ಲು ಕೊಡಲು ಬಂದವರು ಬಗ್ಗಿ ಮೇಜಿನ ಕೆಳಗೆ ನೋಡಿದರು. ಮರಿಯ ಕಿವಿ ಮಡಚಿ, ಬೆರಳಿನಿಂದ ಚರ್ಮ ಸವರಿ, "ಅಕ್ಕಾರ, ಇದಕ್ಕ ಹೆದರೂ ಅಂಥಾದ್ದೇನೂ ಇಲ್ರಿ. ಕಜ್ಜಿ ಅದ, ಹೋಗ್ತದ. ಸಂಜಿಗೆ ಕರಕೊಂಡು ಬರ್ರಿ" ಎಂದರು. ಸಂಜೆ ಹೋದೆವು. ಇಂಜೆಕ್ಷನ್ ಕೊಟ್ಟರು, ಕಪಾಟಿನಿಂದ ಮಾತ್ರೆ ತೆಗೆದುಕೊಟ್ಟರು. ನಾನು ಪರ್ಸು ಬಿಚ್ಚಿದೆ. ಅವರು ಎರಡೂ ಕೈ ಜೋಡಿಸಿ, "ಬ್ಯಾಡ್ರಿ ಅಕ್ಕಾರ. ದಿನಾ ನಿಮ್ಮ ಕೈಯಾಗ ತಿಂತೀನಿ" ಎಂದರು.

ಮರುದಿನ ಬೆಳಿಗ್ಗೆ ಅವರು ಇಡ್ಲಿ ತಿಂದು ಗಲ್ಲಾಕ್ಕೆ ಬಂದಾಗ ಯಜಮಾನರು ಅಡುಗೆಮನೆಯ ಬಾಗಿಲಲ್ಲಿ ನಿಂತು ನನಗೆ ಕೈಸನ್ನೆ ಮಾಡಿದರು: ತೆಗೆದುಕೊಳ್ಳಬೇಡ. ನಾನು ನೋಟನ್ನು ಹಿಂದಕ್ಕೆ ತಳ್ಳಿದೆ, ಡಾಕ್ಟರು ಮುಂದಕ್ಕೆ ತಳ್ಳಿದರು. ಒಂದಷ್ಟು ದಿನ ಈ ತಳ್ಳಾಟ ನಡೆಯಿತು. ಆಮೇಲೆ ಅವರು ಜೇಬಿಗೆ ಕೈ ಹಾಕುವುದನ್ನು ಬಿಟ್ಟರು, ನಾವು ಕ್ಲಿನಿಕ್ಕಿಗೆ ಪರ್ಸು ಒಯ್ಯುವುದನ್ನು ಬಿಟ್ಟೆವು.

ನನಗೆ ಒಂದು ಕಿರಿಕಿರಿ ಇತ್ತು. ಅವರು ದಿನದ ಮೊದಲ ಗಿರಾಕಿ. ಮೊದಲ ಗಿರಾಕಿಯ ದುಡ್ಡು ಎಂದರೆ ಬೋಣಿ. ಮರಾಠಿಯವರು ಭವಾನಿ ಎನ್ನುತ್ತಾರೆ. ಆ ನೋಟನ್ನು ಕಣ್ಣಿಗೊತ್ತಿಕೊಂಡು ಗಲ್ಲಾಕ್ಕೆ ಹಾಕಿದರೇ ನನಗೆ ದಿನ ಶುರುವಾಗುವುದು. ಬೋಣಿಯ ಹೊತ್ತಿಗೇ ಬಿಟ್ಟಿ ಗಿರಾಕಿ ಬಂದು ಕೂತರೆ ವ್ಯಾಪಾರ ಉದ್ಧಾರವಾದೀತೇ ಎಂದು ಗೊಣಗಿದೆ. "ಅವರನ್ನು ಗಿರಾಕಿ ಅಂತ ಯಾಕೆ ಎಣಿಸ್ತಿ? ಮನೆಯವರು ಅಂತ ತಿಳ್ಕೊ" ಎಂದರು ಯಜಮಾನರು. ಹಾಗಾಗಿ ಅವರು ಗಿರಾಕಿಯ ಲೆಕ್ಕದಿಂದ ಹೊರಗೆ ಹೋದರು, ಎರಡನೆಯವರು ನನಗೆ ಮೊದಲನೆಯವರಾದರು. ಈಗಂತೂ ಬೋಣಿಯೂ ಫೋನಿನಲ್ಲೇ ಬರುತ್ತದೆ. ಇಂತಿಷ್ಟು ರೂಪಾಯಿ ಬಂತು ಎಂದು ಪಕ್ಕದಲ್ಲಿಟ್ಟ ಡಬ್ಬಿ ಕೂಗುತ್ತದೆ. ಕಣ್ಣಿಗೊತ್ತಿಕೊಳ್ಳಲು ಏನೂ ಇರುವುದಿಲ್ಲ.

ನಾಯಿ ಬೆಳೆಯಿತು. ಕೂದಲು ಬಂತು. ಮರಾಠಿಯಲ್ಲಿ 'ಬಸ್' ಎಂದರೆ ಕೂರುತ್ತಿತ್ತು, ಕನ್ನಡದಲ್ಲಿ 'ಕೂತ್ಕೊ' ಎಂದರೆ ಆಕಳಿಸುತ್ತಿತ್ತು. ಮೊಟ್ಟೆ ಕೊಡಿ ಎಂದು ಡಾಕ್ಟರು ಹೇಳಿದ್ದರಿಂದ ಯಜಮಾನರು ಮೇಲಿನ ಮನೆಯಲ್ಲಿ ಮೊಟ್ಟೆ ಬೇಯಿಸಿ, ಸ್ಟೀಲಿನ ಡಬ್ಬಿಯಲ್ಲಿ ಮುಚ್ಚಿ, 'ಶುದ್ಧ ಸಸ್ಯಾಹಾರಿ' ಎಂಬ ಬೋರ್ಡಿನ ಕೆಳಗೇ ಕಳ್ಳಸಾಗಣೆ ಮಾಡುತ್ತಿದ್ದರು. ವರ್ಷಕ್ಕೊಮ್ಮೆ ಹಾಕಿಸುವ ಹುಚ್ಚುನಾಯಿ ರೋಗದ ಚುಚ್ಚುಮದ್ದು, ಹುಳದ ಮಾತ್ರೆ, ಮೈಗೆ ಹತ್ತುವ ಉಣ್ಣೆಗೆ ಪೌಡರು, ಒಮ್ಮೆ ಬೈಕಿಗೆ ಕಾಲು ತಾಗಿದಾಗ ಹಾಕಿದ ಹೊಲಿಗೆ, ಯಾವುದಕ್ಕೂ ನಾವು ದುಡ್ಡು ಕೊಡಲಿಲ್ಲ. ಮೇಲಿನ ಮಹಡಿಯ ಮರಾಠಿ ಹೆಂಗಸು, ನಾವು ಕಾಕು ಎಂದು ಕರೆಯುವವಳು, ತನ್ನ ಬೆಕ್ಕಿಗೆ ಮಾಡಿದ ಖರ್ಚು ಹೇಳಿ ನಿಟ್ಟುಸಿರು ಬಿಟ್ಟಾಗ ನಾನು ಒಳಗೊಳಗೆ ಹಿಗ್ಗುತ್ತಿದ್ದೆ. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗವಿಲ್ಲ ಎಂದು ನನ್ನ ಅಜ್ಜಿ ಮಾತು ಮಾತಿಗೆ ಹೇಳುತ್ತಿದ್ದಳು. ಆ ಗಾದೆ ಅಷ್ಟು ವರ್ಷ ಒಮ್ಮೆಯೂ ನನ್ನ ನೆನಪಿಗೆ ಬರಲಿಲ್ಲ.

ಮೆಟ್ರೊ ಕೆಲಸಕ್ಕೆಂದು ಹೋಟೆಲಿನ ಎದುರು ತಗಡಿನ ಬೇಲಿ ಕಟ್ಟಿ ರಸ್ತೆ ಅಗೆಯಲು ಶುರು ಮಾಡಿದಾಗ ನಮ್ಮ ಕಷ್ಟ ಶುರುವಾಯಿತು. ಗಾಡಿ ನಿಲ್ಲಿಸಲು ಜಾಗವಿಲ್ಲದೆ ಗಿರಾಕಿಗಳು ಬೇರೆ ಕಡೆ ಹೋದರು. ಬೆಳಿಗ್ಗೆ ತುಂಬಿರುತ್ತಿದ್ದ ಮೇಜುಗಳು ಖಾಲಿ. ಧೂಳು ಒರೆಸಿ ಒರೆಸಿ ಮೇಜಿನ ಬಣ್ಣವೇ ಹೋಯಿತು. ಇಬ್ಬರು ಸಪ್ಲೈಯರುಗಳನ್ನು ಊರಿಗೆ ಕಳಿಸಿದೆವು. ಡಾಕ್ಟರು ಮಾತ್ರ ಎಂದಿನಂತೆ ಬಂದು ಕಿಟಕಿ ಪಕ್ಕ ಕೂತು, ಖಾಲಿ ಮೇಜುಗಳ ನಡುವೆ ಇಡ್ಲಿ ತಿನ್ನುತ್ತಿದ್ದರು. ವಡೆ ಬೇಡ ಎನ್ನಲು ಶುರು ಮಾಡಿದರು. ನಾನು ಅದನ್ನು ಗಮನಿಸಿದ್ದೆ, ಹೊಟ್ಟೆ ಸರಿಯಿಲ್ಲವೇನೋ ಅಂದುಕೊಂಡೆ.

ಆ ದಿನಗಳಲ್ಲೇ ನಾಯಿಯ ಹೊಟ್ಟೆಯ ಹತ್ತಿರ, ಹಿಂದಿನ ಮೊಲೆಯ ಬದಿಗೆ, ನೆಲಗಡಲೆ ಬೀಜದಷ್ಟು ಗಂಟು ಕೈಗೆ ಸಿಕ್ಕಿತು. ಡಾಕ್ಟರಿಗೆ ತೋರಿಸಿದೆವು. ಅವರು ಹಿಚುಕಿ ನೋಡಿದರು, ಪೆನ್ನು ತೆಗೆದು ಮತ್ತೆ ಜೇಬಿಗಿಟ್ಟರು. "ಸಣ್ಣದದ. ನೋಡೂಣಂತ" ಎಂದು ಮಾತ್ರೆ ಕೊಟ್ಟರು. ಅದು ನಿಂಬೆಹಣ್ಣಿನಷ್ಟಾದಾಗ ಮತ್ತೆ ಹೋದೆವು. ಆಗಲೂ "ನೋಡೂಣಂತ" ಎಂದರು, ಬೇರೆ ಮಾತ್ರೆ ಕೊಟ್ಟರು. ಹೊರಗೆ ಬಂದ ಮೇಲೆ ನಾನು ಯಜಮಾನರಿಗೆ ಕೇಳಿದೆ: "ಎಂಥ ನೋಡುವುದು? ಗಂಟು ಬೆಳೆಯುವುದನ್ನಾ?"

ಕಾಕು ಒಂದು ದಿನ ನಾಯಿ ಅಂಗಾತ ಮಲಗಿದ್ದಾಗ ಅದನ್ನು ಕಂಡು ಗಾಬರಿಯಾದಳು. ತನ್ನ ತಂಗಿಯ ನಾಯಿಗೂ ಹೀಗೇ ಆಗಿತ್ತು, ತಕ್ಷಣ ಕೊಯ್ದು ತೆಗೆಸಿದರು, ಈಗಲೂ ಓಡಾಡಿಕೊಂಡಿದೆ, ದೊಡ್ಡ ಆಸ್ಪತ್ರೆಗೆ ಹೋಗಿ ಎಂದಳು. ನಾನು ಯಜಮಾನರಿಗೆ ಹೇಳಿದೆ. ಅವರು ದೋಸೆ ಹಂಚಿಗೆ ನೀರು ಚಿಮುಕಿಸುತ್ತಾ ನಿಂತಿದ್ದವರು ಹಾಗೇ ನಿಂತರು.

"ಅವರು ನಮ್ಮ ಹತ್ತಿರ ಒಂದು ಪೈಸೆ ಮುಟ್ಟದವರು. ಅವರನ್ನು ಬಿಟ್ಟು ಬೇರೆ ಕಡೆ ಹೋದರೆ ಅವರಿಗೆ ಎಷ್ಟು ಬೇಸರ ಆದೀತು? ನಾಳೆ ಬೆಳಿಗ್ಗೆ ಅವರಿಗೆ ಇಡ್ಲಿ ಹಾಕ್ಲಿಕ್ಕೆ ಮುಖ ಉಂಟಾ ನಮಗೆ?"

"ಹಾಗಾದರೆ ನಾಯಿ ಸಾಯಲಿ, ಅವರಿಗೆ ಬೇಸರ ಆಗುವುದು ಬೇಡ. ಅಲ್ಲವಾ?"

"ಹಾಗೆ ಹೇಳ್ಬೇಡ ಮಾರಾಯ್ತಿ."

ಹೇಳಬೇಡ ಎಂದರೆ ಸುಮ್ಮನಾಗುವವಳಲ್ಲ ನಾನು. ಆದರೆ ಆವತ್ತು ಸುಮ್ಮನಾದೆ. ದಾನವಾಗಿ ಬಂದ ಎಮ್ಮೆಯ ಹಲ್ಲು ಹಿಡಿದು ನೋಡುವುದು ಹೇಗೆ? ದುಡ್ಡು ಕೊಟ್ಟಿದ್ದರೆ ಜಗಳ ಮಾಡಬಹುದಿತ್ತು. ಸಾಂಬಾರು ತಣ್ಣಗಿದೆ ಎಂದು ಇಲ್ಲಿ ದಿನಾ ಜನ ನನ್ನ ಮೇಲೆ ಕೂಗಾಡುತ್ತಾರೆ, ಯಾಕೆಂದರೆ ಅವರು ದುಡ್ಡು ಕೊಡುತ್ತಾರೆ. ನಮಗೆ ಕೂಗಾಡುವ ಹಕ್ಕೇ ಇರಲಿಲ್ಲ.

ಗಂಟು ಒಡೆದು ಕೀವು ಬರತೊಡಗಿದ ಮೇಲೆ ಯಜಮಾನರೇ ಆಟೊ ಕರೆದರು. ಮಧ್ಯಾಹ್ನ ಹೋಟೆಲು ಮುಚ್ಚಿದ ಹೊತ್ತಿನಲ್ಲಿ, ಡಾಕ್ಟರ ಕ್ಲಿನಿಕ್ಕಿನ ಮುಂದೆ ಹಾಯದಂತೆ ಸುತ್ತಿ ಬಳಸಿ, ನಾಯಿಗೆ ಬೆಡ್‌ಶೀಟು ಮುಚ್ಚಿಕೊಂಡು, ಕಳ್ಳರ ಹಾಗೆ ದೊಡ್ಡ ಆಸ್ಪತ್ರೆಗೆ ಹೋದೆವು. ಗಾಜಿನ ಬಾಗಿಲು ಹಾಗೇ ಇತ್ತು. ಮೊದಲು ಎಲ್ಲಿ ತೋರಿಸಿದ್ದಿರಿ, ಯಾವ ಮಾತ್ರೆ ಕೊಟ್ಟಿದ್ದರು, ಕಾಗದ ಎಲ್ಲಿ ಎಂದು ಕೇಳಿದರು. ನಮ್ಮ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ಬಿಲ್ಲು ಇಲ್ಲದ ಕಡೆ ಕಾಗದ ಎಲ್ಲಿಂದ ಬರಬೇಕು? ಇಷ್ಟು ವರ್ಷ ಈ ನಾಯಿಗೆ ಯಾರೂ ಏನೂ ಮಾಡಲೇ ಇಲ್ಲವೇನೋ ಎಂಬಂತೆ ಅಲ್ಲಿನ ಡಾಕ್ಟರು ನಮ್ಮನ್ನು ನೋಡಿದರು. ರಕ್ತ ತೆಗೆದರು, ಎಕ್ಸ್‌ರೇ ತೆಗೆದರು. ಆಮೇಲೆ ಕೂರಿಸಿಕೊಂಡು, ಆಪರೇಷನ್ನು ಮಾಡಬೇಕು, ಆದಷ್ಟು ಬೇಗ ಮಾಡಬೇಕು, ಎದೆಯಲ್ಲಿ ಏನೋ ಕಾಣುತ್ತದೆ, ಆದರೂ ಪ್ರಯತ್ನ ಮಾಡಬಹುದು ಎಂದರು. ಖರ್ಚು ಎಷ್ಟೆಂದು ಕೌಂಟರಿನಲ್ಲಿ ಹೇಳಿದರು. ಹೋಟೆಲಿನ ಬಾಡಿಗೆಗೆಂದು ತೆಗೆದಿಟ್ಟದ್ದು ಅಷ್ಟೂ ಹೋಗುತ್ತಿತ್ತು.

ದುಡ್ಡು ಕೇಳಿ ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಗಂಟಿನ ಮಾತು ಕೇಳಿ ಅಳು ಬರಬೇಕಿತ್ತು, ಅದೂ ಬರಲಿಲ್ಲ. ಆವತ್ತಿನಿಂದ ನನಗೆ ಹಾಗೆ ಆಯಿತು. ಜೋಮು ಹಿಡಿದ ಕಾಲನ್ನು ಚಿವುಟಿದರೆ ಯಾರದೋ ಕಾಲು ಚಿವುಟಿದ ಹಾಗೆ ಇರುತ್ತದಲ್ಲ, ಹಾಗಿತ್ತು. ಹಿಂದಿರುಗಿ ಬಂದು ಸಂಜೆ ಗಲ್ಲಾದಲ್ಲಿ ಕೂತು ಬಿಲ್ಲು ಬರೆದೆ. ಚಿಲ್ಲರೆಯಲ್ಲಿ ತಪ್ಪು ಮಾಡಲಿಲ್ಲ.

ರಾತ್ರಿಯೂಟಕ್ಕೆ ಕೂತಾಗ ಯಜಮಾನರು ತಟ್ಟೆಯಲ್ಲಿ ಬೆರಳಾಡಿಸುತ್ತಾ ಹೇಳಿದರು: "ಆ ಆಸ್ಪತ್ರೆಯವರು ದುಡ್ಡಿಗೋಸ್ಕರ ಹೇಳ್ತಾರಾ, ನಿಜವಾಗಿ ಹೇಳ್ತಾರಾ ಗೊತ್ತಾಗುವುದಿಲ್ಲ. ನಮ್ಮ ಡಾಕ್ಟರು ದುಡ್ಡು ತಕೊಳ್ಳುವುದಿಲ್ಲ. ಅವರು ಏನೂ ಹೇಳುವುದೇ ಇಲ್ಲ. ಯಾರನ್ನು ನಂಬುವುದು?"

ಅವರು ಎದ್ದು ಕೈ ತೊಳೆದು, ದೇವರ ಮುಂದಿದ್ದ ಅರಿಶಿನ ಹಚ್ಚಿದ ಲಕೋಟೆ ತೆಗೆದು ಅದರಲ್ಲಿ ದುಡ್ಡು ಹಾಕಿದರು. ಮದುವೆ ಮುಂಜಿಗೆ ಮುಯ್ಯಿ ಹಾಕಲು ಇಟ್ಟುಕೊಂಡ ಲಕೋಟೆಗಳು ಅವು. ಮನೆಯಲ್ಲಿ ಬೇರೆ ಲಕೋಟೆ ಇರಲಿಲ್ಲ.

ಮರುದಿನ ಸಂಜೆ ಮೂವರೂ ಡಾಕ್ಟರ ಕ್ಲಿನಿಕ್ಕಿಗೆ ಹೋದೆವು, ನಾನು, ಯಜಮಾನರು, ನಾಯಿ. ಯಜಮಾನರು ಎಕ್ಸ್‌ರೇಯನ್ನು ಮೇಜಿನ ಮೇಲಿಟ್ಟರು. ಅದರ ಮೇಲೆ ಲಕೋಟೆ ಇಟ್ಟರು. ಡಾಕ್ಟರು ಎಕ್ಸ್‌ರೇ ನೋಡಲಿಲ್ಲ, ಲಕೋಟೆಯನ್ನೇ ನೋಡಿದರು.

"ಏನ್ರಿ ಅಣ್ಣಾರ ಇದು?"

"ಫೀಸು."

"ನನಗ್ಯಾಕ್ರಿ ಫೀಸು?"

ಯಜಮಾನರು ಲಕೋಟೆಯನ್ನು ಅವರ ಕಡೆಗೆ ತಳ್ಳಿದರು. "ಇವತ್ತು ತಕೊಳ್ಳಿ ಡಾಕ್ಟ್ರೆ. ನಾವು ಇವತ್ತು ಹೋಟೆಲಿನವರಲ್ಲ, ಯಾರೋ ಗೊತ್ತಿಲ್ಲದವರು ಬಂದಿದ್ದಾರೆ ಅಂತ ತಿಳ್ಕೊಳ್ಳಿ. ಅವರಿಗೆ ನೀವು ಎಂಥ ಹೇಳ್ತೀರಿ, ಅದನ್ನೇ ನಮಗೂ ಹೇಳಿ."

ಹೊರಗೆ ಮೆಟ್ರೊ ಯಂತ್ರ ಗುದ್ದುವ ಸದ್ದು. ಡಾಕ್ಟರು ಲಕೋಟೆ ತೆಗೆದುಕೊಂಡು ಡ್ರಾವರಿನಲ್ಲಿ ಹಾಕಿದರು. ಡ್ರಾವರು ಮುಚ್ಚಿದ ಮೇಲೆಯೇ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು.

"ಅಣ್ಣಾರ, ಇದು ಪುಪ್ಪುಸಕ್ಕ ಹೋಗ್ಯದ. ಇಲ್ಲಿ ನೋಡ್ರಿ, ಈ ಬಿಳೀ ಚುಕ್ಕಿ ಎಲ್ಲಾ ಅದೇ. ಆಪರೇಷನ್ ಮಾಡಿಸಬ್ಯಾಡ್ರಿ. ದುಡ್ಡೂ ಹೋಗ್ತದ, ಅದಕ್ಕ ತ್ರಾಸೂ ಆಗ್ತದ. ಗೊತ್ತಿಲ್ಲದವರು ಬಂದ್ರೂ ನಾ ಇದನ್ನ ಹೇಳಾಂವ."

ನಾನು ಕೇಳಿದೆ. ಅದನ್ನು ಕೇಳಬೇಕು ಎಂದು ಮನೆಯಿಂದಲೇ ಹೊರಟಿದ್ದೆ. "ಮೊದಲು ತೋರಿಸಿದಾಗ? ಕಡಲೆಬೀಜದಷ್ಟು ಇದ್ದಾಗ? ಗೊತ್ತಿಲ್ಲದವರು ಬಂದಿದ್ದರೆ ಆವಾಗ ಏನು ಹೇಳುತ್ತಿದ್ದಿರಿ?"

ಅವರು ನನ್ನ ಮುಖ ನೋಡಲಿಲ್ಲ. ನಾಯಿಯ ಕಿವಿಯನ್ನು ಮೊದಲ ದಿನದ ಹಾಗೇ ಮಡಚಿ ಹಿಡಿದುಕೊಂಡಿದ್ದರು.

"ಅವತ್ತೇ ಕೊಯ್ದು ತೆಗೆಸ್ರಿ ಅಂತಿದ್ದೆ. ನನ್ನ ಕಡೆ ಆ ಸಾಮಾನಿಲ್ಲ, ದೊಡ್ಡ ದವಾಖಾನಿಗೆ ಚೀಟಿ ಬರದು ಕೊಡ್ತಿದ್ದೆ. ಬರೀಬೇಕಂತ ಪೆನ್ನೂ ತಗೊಂಡಿದ್ದೆ ಅಕ್ಕಾರ. ಆದ್ರ ದಿನಾ ಮುಂಜಾನೆ ನಿಮ್ಮ ಖಾಲಿ ಟೇಬಲ್ ನೋಡ್ತೀನಿ. ಆಳುಗಳ ಪಗಾರಕ್ಕ ನೀವು ಒದ್ದಾಡೂದು ನೋಡ್ತೀನಿ. ನಿಮ್ಮ ಇಡ್ಲಿ ಬಿಟ್ಟಿ ತಿಂದು, ಅದ ಬಾಯಿಲೆ, ಹೋಗಿ ಅಷ್ಟು ಖರ್ಚು ಮಾಡ್ರಿ ಅಂತ ಹ್ಯಾಂಗ ಹೇಳ್ಲಿ? ಎಷ್ಟೋ ಗಂಟು ಬೆಳ್ಯಂಗಿಲ್ಲ. ಇದೂ ಬೆಳ್ಯಂಗಿಲ್ಲ ಅಂದುಕೊಂಡೆ. ಅಂದುಕೊಂಡು ಸುಮ್ಮನಾದೆ."

ವಡೆ ಬೇಡ ಎನ್ನುತ್ತಿದ್ದದ್ದು ಯಾಕೆಂದು ಆಗ ಗೊತ್ತಾಯಿತು.

ಅವರ ಮೇಲೆ ಸಿಟ್ಟು ಬರಲಿ ಎಂದು ಕಾದೆ. ಬರಲಿಲ್ಲ. ಅವರು ನಮ್ಮ ಖರ್ಚು ಉಳಿಸಿದರು, ನಾವು ಅವರ ಮನಸ್ಸು ಉಳಿಸಿದೆವು, ಮೂರೂ ಜನ ಸೇರಿ ನಾಯಿಯನ್ನು ಕಳೆದೆವು. ಒಬ್ಬರಾದರೂ ಕೆಟ್ಟವರಾಗಿದ್ದರೆ ಬೈಯಲು ಅನುಕೂಲವಾಗುತ್ತಿತ್ತು. ನನಗೆ ಬೈಗುಳ ಹುಡುಕಬೇಕಾಗಿ ಬಂದದ್ದು ಅದೊಂದೇ ಸಲ.

ನಾಯಿ ಇನ್ನೂ ಕೆಲವು ವಾರ ಇತ್ತು. ದಿನಾ ಗಾಯ ತೊಳೆದು ಬಟ್ಟೆ ಕಟ್ಟುತ್ತಿದ್ದೆವು. ಡಾಕ್ಟರು ನೋವಿನ ಮಾತ್ರೆಗೆ ಚೀಟಿ ಬರೆದುಕೊಟ್ಟರು, ನಾವು ಅಂಗಡಿಯಿಂದ ದುಡ್ಡು ಕೊಟ್ಟು ತಂದೆವು. ಹೋದಾಗಲೆಲ್ಲ ಫೀಸು ಕೊಟ್ಟೆವು, ಅವರು ತೆಗೆದುಕೊಂಡರು. ಈಗ ಅವರು ಎಲ್ಲವನ್ನೂ ಹೇಳುತ್ತಿದ್ದರು. ಇಂದು ಉಸಿರು ಜೋರಾಗಿದೆ, ನಾಳೆ ತಿನ್ನಲಿಕ್ಕಿಲ್ಲ, ಹೀಗಾದರೆ ಕರೆದುಕೊಂಡು ಬನ್ನಿ, ಹೀಗಾಗುವವರೆಗೆ ಮನೆಯಲ್ಲೇ ಇರಲಿ. ಹೇಳಿದ್ದೆಲ್ಲ ಹಾಗೇ ಆಯಿತು. ಆದರೆ ಬೆಳಿಗ್ಗೆ ಇಡ್ಲಿಗೆ ಬರುವುದನ್ನು ನಿಲ್ಲಿಸಿದರು. ಯಜಮಾನರು ದಿನಾ ಮೊದಲ ಪಾತ್ರೆ ಇಡ್ಲಿ ಇಳಿಸಿ ಕಿಟಕಿಯ ಕಡೆ ಒಮ್ಮೆ ನೋಡಿ ಒಳಗೆ ಹೋಗುತ್ತಿದ್ದರು.

ಮೊಟ್ಟೆಯನ್ನೂ ಮೂಸದ ದಿನ ಬಂತು. ಡಾಕ್ಟರು ಹೇಳಿದ್ದ ಗುರುತು ಅದೇ. ಮಧ್ಯಾಹ್ನ ಷಟರು ಅರ್ಧ ಇಳಿಸಿ ಅವರಿಗೆ ಫೋನು ಮಾಡಿದೆವು. ಚೀಲ ಹಿಡಿದು ಬಂದರು. ನಾನು ಗಲ್ಲಾದ ಕುರ್ಚಿಯಲ್ಲೇ ಕೂತಿದ್ದೆ, ನಾಯಿ ನನ್ನ ಎಡಗಾಲಿನ ಮೇಲೆಯೇ ಇತ್ತು. ಅದನ್ನು ಎತ್ತುವುದು ಬೇಡ ಎಂದೆ. ಅವರು ಮೇಜಿನ ಕೆಳಗೆ ನುಸುಳಿ, ನೆಲದ ಮೇಲೆ ಕೂತು ಇಂಜೆಕ್ಷನ್ ಕೊಟ್ಟರು. ಯಜಮಾನರು ಅಡುಗೆಮನೆಯ ಬಾಗಿಲಲ್ಲಿ ಗೋಡೆ ಕಡೆ ಮುಖ ಮಾಡಿ ನಿಂತು ಗೊಳೋ ಎಂದು ಅತ್ತರು. ನಾನು ಎದುರಿನ ತಿಂಡಿ ಪಟ್ಟಿಯಲ್ಲಿ ದೋಸೆಗಳ ಹೆಸರು ಓದುತ್ತಾ ಕೂತಿದ್ದೆ. ಆಯಿತು ಎಂದು ಡಾಕ್ಟರು ಹೇಳಿದ್ದು ಕೇಳಿಸಿತು. ಕಾಲಿನ ಮೇಲಿನ ಭಾರ ಮೊದಲಿನಷ್ಟೇ ಇತ್ತು.

ಪಾಲಿಕೆಯವರು ಪ್ರಾಣಿಗಳನ್ನು ಸುಡಲು ಒಂದು ಜಾಗ ಮಾಡಿದ್ದಾರೆ. ಅಲ್ಲಿಗೆ ಒಯ್ದೆವು. ಡಾಕ್ಟರೂ ಜೊತೆಗೆ ಬಂದರು. ಸಂಜೆ ಷಟರು ತೆರೆದೆವು, ತೆರೆಯದೆ ಇದ್ದರೆ ರುಬ್ಬಿದ ಹಿಟ್ಟು ಹುಳಿಯಾಗುತ್ತಿತ್ತು.

ಆಮೇಲಿನ ದಿನಗಳ ಬಗ್ಗೆ ಹೇಳಲು ಏನೂ ಇಲ್ಲ. ನಾಯಿ ಎಲ್ಲಿ ಎಂದು ಗಿರಾಕಿಗಳು ಕೇಳಿದರೆ ಹೋಯಿತು ಎನ್ನುತ್ತಿದ್ದೆ. ಮುಂದಿನವರ ಬಿಲ್ಲು ತೆಗೆದುಕೊಳ್ಳುತ್ತಿದ್ದೆ. ಕಾಕು ನನ್ನ ಭುಜ ಹಿಡಿದುಕೊಂಡು ಅತ್ತಳು, ನಾನೇ ಅವಳಿಗೆ ನೀರು ಕೊಟ್ಟೆ. ಕಲ್ಲಿನಂಥ ಹೆಂಗಸು ಎಂದು ಅವಳು ಅಂದುಕೊಂಡಿರಬಹುದು. ನನಗೂ ಹಾಗೇ ಅನ್ನಿಸಿತ್ತು. ಒಂದೇ ಒಂದು ವ್ಯತ್ಯಾಸ ಎಂದರೆ, ಎಡಗಾಲನ್ನು ಆಗಲೂ ಅಲ್ಲಾಡಿಸುತ್ತಿರಲಿಲ್ಲ. ಎದ್ದು ನಿಲ್ಲುವಾಗ ಮೇಜು ಹಿಡಿದುಕೊಂಡೇ ಏಳುತ್ತಿದ್ದೆ. ಎದ್ದರೆ ಕಾಲು ಸರಿಯಾಗಿಯೇ ಇರುತ್ತಿತ್ತು.

ಒಂದು ದಿನ ಬೆಳಿಗ್ಗೆ ದೀಪ ಹಚ್ಚಿ ತಿರುಗುವಾಗ ಡಾಕ್ಟರು ಕಿಟಕಿ ಪಕ್ಕದ ಮೇಜಿನಲ್ಲಿ ಕೂತಿದ್ದರು. ಒಳಗೆ ಪಾತ್ರೆಗಳ ಸದ್ದು ನಿಂತಿತು. ಯಜಮಾನರು ತಾವೇ ತಟ್ಟೆ ಹಿಡಿದು ಬಂದರು. ಇಡ್ಲಿಯ ಜೊತೆ ವಡೆಯೂ ಇತ್ತು. ಡಾಕ್ಟರು ಬೇಡ ಎನ್ನಲಿಲ್ಲ. ನಿಧಾನವಾಗಿ ಪೂರ್ತಿ ತಿಂದರು, ಕಾಫಿ ಕುಡಿದರು, ಕೈ ತೊಳೆದು ಕರ್ಚೀಫಿನಲ್ಲಿ ಒರೆಸಿಕೊಂಡು ಗಲ್ಲಾದ ಎದುರು ಬಂದು ನಿಂತರು. ಕೈಯಲ್ಲಿ ನೋಟಿತ್ತು.

ನಾನು ಅಡುಗೆಮನೆಯ ಬಾಗಿಲ ಕಡೆ ನೋಡಿದೆ. ಯಜಮಾನರು ಅಲ್ಲೇ ನಿಂತಿದ್ದರು. ಕೈಸನ್ನೆ ಮಾಡಲಿಲ್ಲ. ಎರಡೂ ಕೈಯನ್ನು ಹೆಗಲ ಮೇಲಿನ ಬೈರಾಸಿನಲ್ಲಿ ಸುತ್ತಿಕೊಂಡಿದ್ದರು.

"ತಗೋರಿ ಅಕ್ಕಾರ" ಎಂದರು ಡಾಕ್ಟರು. "ಇನ್ನ ಮುಂದ ದಿನಾ ತಗೋರಿ. ಇಲ್ಲಾಂದ್ರ ನನಗ ಬರಾಕ ಆಗೂದಿಲ್ಲ."

ತೆಗೆದುಕೊಂಡೆ. ಚಿಲ್ಲರೆ ಎಣಿಸಿ ಕೊಟ್ಟೆ. ಅವರು ಹೊರಗೆ ಹೋಗಿ ಚಪ್ಪಲಿ ಹಾಕಿಕೊಳ್ಳುವುದು ಕಾಣಿಸುತ್ತಿತ್ತು. ಅವರು ದಿನದ ಮೊದಲ ಗಿರಾಕಿ, ಅದು ಆ ದಿನದ ಬೋಣಿ. ಕೈ ತನ್ನಷ್ಟಕ್ಕೆ ಮೇಲೆ ಹೋಯಿತು. ನೋಟನ್ನು ಒಂದು ಕಣ್ಣಿಗೆ, ಇನ್ನೊಂದು ಕಣ್ಣಿಗೆ ಒತ್ತಿಕೊಂಡೆ. ಗಲ್ಲಾಕ್ಕೆ ಹಾಕಲು ಇಳಿಸಿದಾಗ ನೋಟು ಒದ್ದೆಯಾಗಿತ್ತು. ನಾನು ಅಳುತ್ತಿದ್ದೇನೆ ಎಂದು ನನಗೆ ಗೊತ್ತಾದದ್ದು ಹಾಗೆ.